ದ್ವೀಪಕ್ಕೆ ಹೊರಟಾಗ ಚೀಲದಲ್ಲಿ ಏನು, ಮೈಮೇಲೆ ಏನು: ಪದೇ ಪದೇ ಕೇಳುವ ಪ್ರಶ್ನೆಗಳು

ಮಲ್ಪೆಯಿಂದ ಸೇಂಟ್ ಮೇರೀಸ್‌ಗೆ ಅರ್ಧ ದಿನಕ್ಕೆ ಹೋಗಿ ಬರುವವರಿಗೆ, ಲಕ್ಷದ್ವೀಪಕ್ಕೋ ಅಂಡಮಾನ್‌ಗೋ ನಾಲ್ಕೈದು ದಿನ ಹೋಗುವ ಉಡುಪಿ–ಮಂಗಳೂರಿನವರಿಗೆ ಈ ಉತ್ತರಗಳು. ಎರಡೂ ಬಗೆಯ ಪ್ರವಾಸಕ್ಕೆ ಒಂದೇ ಲೆಕ್ಕ: ಯಾವುದು ಚಂಡಿಯಾಗುತ್ತದೆ, ಅದು ಯಾವಾಗ ಒಣಗುತ್ತದೆ.

ಕಡಲ ಬದಿಯಲ್ಲೇ ಹುಟ್ಟಿ ಬೆಳೆದವರಿಗೆ ದ್ವೀಪಕ್ಕೆ ಅಂತ ಬೇರೆ ತಯಾರಿ ಯಾಕೆ ಬೇಕು?

ಪಣಂಬೂರಿನಲ್ಲೋ ಮಲ್ಪೆಯಲ್ಲೋ ನೀರಿಗಿಳಿದರೆ ಅರ್ಧ ಗಂಟೆಯಲ್ಲಿ ಕಾರಿನ ಹತ್ತಿರ ಬರಬಹುದು, ಒಂದು ಗಂಟೆಯಲ್ಲಿ ಮನೆ ಬಚ್ಚಲಿನಲ್ಲಿರಬಹುದು. ದ್ವೀಪದಲ್ಲಿ ಹಾಗಲ್ಲ. ಚಂಡಿಯಾದ ಮೇಲೆ ಮುಂದಿನ ಬೋಟಿಗೆ ಕಾಯಬೇಕು, ಬೋಟಿನಲ್ಲಿ ಗಾಳಿಗೆ ಕೂರಬೇಕು, ಆಮೇಲೆ ಬಸ್ಸೋ ಸ್ಕೂಟರೋ. ಉಪ್ಪುನೀರಿನ ಬಟ್ಟೆ ಮೂರ್ನಾಲ್ಕು ಗಂಟೆ ಮೈಮೇಲೇ ಇರುತ್ತದೆ. ಮರೆತ ವಸ್ತು ಅಲ್ಲಿ ಅಂಗಡಿಯಲ್ಲಿ ಸಿಗುತ್ತದೆ ಅನ್ನುವ ಧೈರ್ಯವೂ ಬೇಡ.

ಇನ್ನೊಂದು ವಿಷಯ, ನಮ್ಮವರಿಗೆ ಸೆಕೆ ಅಭ್ಯಾಸ, ಬಿಸಿಲು ಅಷ್ಟೊಂದು ಅಭ್ಯಾಸವಿಲ್ಲ. ಊರಲ್ಲಿ ತೆಂಗಿನ ತೋಟ, ಹಂಚಿನ ಮಾಡು, ಅಂಗಡಿ ಜಗಲಿ ಎಲ್ಲಾದರೂ ನೆರಳು ಸಿಗುತ್ತದೆ. ದೋಣಿಯಲ್ಲಿ, ಬರೀ ಹೊಯ್ಗೆಯಲ್ಲಿ (ಮರಳಿನಲ್ಲಿ) ಅದಿಲ್ಲ.

ಜೀನ್ಸ್ ಹಾಕಿಕೊಂಡು ಹೋದರೆ ಏನಾಗುತ್ತದೆ?

ಬೋಟಿನಿಂದ ಇಳಿಯುವಾಗಲೇ ಮೊಣಕಾಲಿನವರೆಗೆ ಚಂಡಿಯಾಗಬಹುದು. ಡೆನಿಮ್ ನೀರು ಹೀರಿ ತೂಕ ಹೆಚ್ಚಿಸಿಕೊಳ್ಳುತ್ತದೆ, ಸೊಂಟದಿಂದ ಜಾರುತ್ತದೆ, ಹೊಲಿಗೆಯ ಹತ್ತಿರ ತೊಡೆಯನ್ನು ಉಜ್ಜುತ್ತದೆ. ಉಜ್ಜಿದ ಜಾಗಕ್ಕೆ ಉಪ್ಪು ಸೇರಿದರೆ ಸಂಜೆಗೆ ನಡೆಯುವುದೇ ಕಷ್ಟ. ನಮ್ಮ ಹವೆಯಲ್ಲಿ ದಪ್ಪ ಜೀನ್ಸ್ ಮರುದಿನಕ್ಕೂ ಒಣಗುವುದಿಲ್ಲ. ಅದನ್ನು ಹಾಕಿಕೊಂಡು ನೀರಿಗೆ ಇಳಿಯುವುದಂತೂ ಅಪಾಯ, ತೆರೆ ಎಳೆದಾಗ ಕಾಲು ಎತ್ತಲು ಆಗುವುದಿಲ್ಲ. ಬದಲಿಗೆ ತೆಳು ನೈಲಾನ್ ಅಥವಾ ಪಾಲಿಯೆಸ್ಟರ್ ಬರ್ಮುಡಾ, ಟ್ರ್ಯಾಕ್ ಪ್ಯಾಂಟ್ ಸಾಕು. ವಿಮಾನಕ್ಕೆ, ಊರಿಗೆ ಮರಳುವ ಬಸ್ಸಿಗೆ ಒಂದು ಜೀನ್ಸ್ ಇರಲಿ ಅನ್ನುವವರು ಅದನ್ನು ಹೋಗುವಾಗ ಮೈಮೇಲೆ ಹಾಕಿಕೊಂಡು ಹೋಗಿ, ಮುಟ್ಟದೆ ಮಡಚಿಡಿ.

ರಾತ್ರಿಯಿಡೀ ಹಗ್ಗದ ಮೇಲೆ ಹಾಕಿದರೂ ಬಟ್ಟೆ ಬೆಳಿಗ್ಗೆ ಅಂಟಂಟು. ಯಾಕೆ?

ಉಪ್ಪಿನ ದೆಸೆಯಿಂದ. ಕಡಲ ನೀರು ಆರಿದಾಗ ಉಪ್ಪು ನೂಲಿನ ನಡುವೆ ಉಳಿದುಬಿಡುತ್ತದೆ. ಗಾಳಿಯಲ್ಲಿನ ತೇವಾಂಶ ಸುಮಾರು ಶೇ. 75 ದಾಟಿದರೆ ಅಡುಗೆ ಉಪ್ಪು ತಾನೇ ನೀರು ಎಳೆದುಕೊಂಡು ಕರಗಲು ಶುರುಮಾಡುತ್ತದೆ. ಕಡಲುಪ್ಪಿನಲ್ಲಿರುವ ಮೆಗ್ನೀಸಿಯಂ ಲವಣಗಳು ಅದಕ್ಕೂ ಮೊದಲೇ ಎಳೆದುಕೊಳ್ಳುತ್ತವೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರೊಡೆಯುತ್ತದಲ್ಲ, ಅದೇ ಕೆಲಸ ನಿಮ್ಮ ಅಂಗಿಯಲ್ಲೂ ನಡೆಯುತ್ತಿದೆ. ದ್ವೀಪದಲ್ಲಿ ರಾತ್ರಿಯ ತೇವಾಂಶ ಆ ಮಟ್ಟದ ಮೇಲೆಯೇ ಇರುವುದು ಸಾಮಾನ್ಯ. ಹಾಗಾಗಿ ಮಧ್ಯಾಹ್ನ ಗರಿಗರಿಯಾಗಿ ಒಣಗಿದ್ದ ಚಡ್ಡಿ ಬೆಳಿಗ್ಗೆ ಮತ್ತೆ ತೇವ.

ದಾರಿ ಒಂದೇ, ಸಿಹಿನೀರಿನಲ್ಲಿ ಜಾಲಿಸುವುದು. ಸಾಬೂನು ಬೇಕಾಗಿಲ್ಲ. ಅರ್ಧ ಬಕೆಟ್ ನೀರನ್ನು ಎರಡು ಪಾಲು ಮಾಡಿ, ಮೊದಲ ಪಾಲಿನಲ್ಲಿ ಅದ್ದಿ ಹಿಂಡಿ, ಎರಡನೆಯದರಲ್ಲಿ ಮತ್ತೊಮ್ಮೆ ಅದ್ದಿ ಹಿಂಡಿ. ಒಂದೇ ಸಲ ಬಕೆಟ್ ತುಂಬ ನೀರಲ್ಲಿ ಅದ್ದುವುದಕ್ಕಿಂತ ಹೀಗೆ ಎರಡು ಸಲ ಸ್ವಲ್ಪ ನೀರಲ್ಲಿ ಜಾಲಿಸಿದರೆ ಉಪ್ಪು ಹೆಚ್ಚು ಬಿಡುತ್ತದೆ. ಆಮೇಲೆ ಒಣ ಬೈರಾಸಿನ (ತೆಳು ಟವೆಲಿನ) ಮೇಲೆ ಬಟ್ಟೆ ಹರಡಿ, ಎರಡನ್ನೂ ಸೇರಿಸಿ ಚಾಪೆಯಂತೆ ಸುತ್ತಿ, ಮೇಲೆ ಮೊಣಕಾಲೂರಿ ಒತ್ತಿ. ಬೈರಾಸ್ ಅರ್ಧ ನೀರು ಕುಡಿಯುತ್ತದೆ. ಫ್ಯಾನ್ ಕೆಳಗೆ ಹಾಕಿದರೆ ತೆಳು ಬಟ್ಟೆ ಕೆಲವೇ ಗಂಟೆಗಳಲ್ಲಿ ಒಣಗುತ್ತದೆ.

ಲಕ್ಷದ್ವೀಪದಲ್ಲಿ ನೀರು ದಂಡ ಮಾಡಬಾರದು ಅನ್ನುವುದು ಬರೀ ಉಪದೇಶವಲ್ಲ. ಅಲ್ಲಿ ಹೊಳೆ ಇಲ್ಲ. ಹವಳದ ಹೊಯ್ಗೆಯ ಕೆಳಗೆ ಉಪ್ಪುನೀರಿನ ಮೇಲೆ ತೇಲುವ ತೆಳುವಾದ ಸಿಹಿನೀರಿನ ಪದರವಷ್ಟೇ ಬಾವಿಗಳಿಗೆ ಆಧಾರ. 2005ರಲ್ಲಿ ಕವರತ್ತಿಯಲ್ಲಿ ಕಡಲ ನೀರನ್ನು ಸಿಹಿ ಮಾಡುವ ಘಟಕ ಬಂದದ್ದೂ ಇದೇ ಕಾರಣಕ್ಕೆ. ದಪ್ಪ ಟರ್ಕಿ ಟವೆಲ್, ದಪ್ಪ ಹತ್ತಿ ಟಿ-ಶರ್ಟ್ ಬೇಡ ಅನ್ನುವುದು ಈ ನೀರಿನ ಲೆಕ್ಕದಿಂದಲೂ ಸರಿ.

ಹಾಗಾದರೆ ಹತ್ತಿ ಬಟ್ಟೆ ಒಯ್ಯಲೇಬಾರದೆ? ಸೆಕೆಗೆ ಹತ್ತಿಯೇ ಒಳ್ಳೆಯದು ಅಂತಾರಲ್ಲ.

ಒಣ ಹೊತ್ತಿಗೆ ಹತ್ತಿ, ಚಂಡಿ ಹೊತ್ತಿಗೆ ನೈಲಾನ್. ಸಂಜೆ ಕೋಣೆಯಲ್ಲಿ, ರಾತ್ರಿ ಮಲಗುವಾಗ ತೆಳು ಹತ್ತಿಗೆ ಸಮ ಇಲ್ಲ. ಆದರೆ ಬಿಳಿ ಹತ್ತಿ ಟಿ-ಶರ್ಟ್ ಹಾಕಿಕೊಂಡು ನೀರಿಗಿಳಿದರೆ ಬಿಸಿಲಿನ ರಕ್ಷಣೆ ಸಿಕ್ಕಿತು ಅಂದುಕೊಳ್ಳಬೇಡಿ. ಒದ್ದೆಯಾದ ತೆಳು ಬಿಳಿ ಹತ್ತಿ ಬಟ್ಟೆಯೊಳಗಿಂದ ಅತಿನೇರಳೆ ಕಿರಣ ಒಣ ಬಟ್ಟೆಗಿಂತ ಹೆಚ್ಚು ದಾಟುತ್ತದೆ. ಭುಜ ಕೆಂಪಾದ ಮೇಲೆ ಗೊತ್ತಾಗುತ್ತದೆ. ಈಜಿಗೆಂದೇ ತೋಳು ಪೂರ್ತಿ ಇರುವ, ಮೈಗಂಟುವ ಅಂಗಿ, ರ‍್ಯಾಶ್‌ಗಾರ್ಡ್ ಸಿಗುತ್ತದೆ. ಅದರ ಚೀಟಿಯಲ್ಲಿ ಯುಪಿಎಫ್ 50 ಅಂತಿದ್ದರೆ ಐವತ್ತರಲ್ಲಿ ಒಂದು ಪಾಲು ಕಿರಣ ಮಾತ್ರ ಒಳಗೆ ಬರುತ್ತದೆ ಎಂದರ್ಥ. ಇಡೀ ಬೆನ್ನಿಗೆ, ತೋಳಿಗೆ ಕ್ರೀಮ್ ಹಚ್ಚುವ ಖರ್ಚು ಉಳಿಯುವುದರಿಂದ ಅದರ ಬೆಲೆ ಒಂದೇ ಪ್ರವಾಸದಲ್ಲಿ ತೀರುತ್ತದೆ ಅಂತಲೇ ಹೇಳಬಹುದು.

ಸೇಂಟ್ ಮೇರೀಸ್‌ಗೆ ಅರ್ಧ ದಿನಕ್ಕೆ ಒಂದು ಚೀಲದಲ್ಲಿ ಏನೇನು?

ಮೊದಲು ಜಾಗದ ಬಗ್ಗೆ ಎರಡು ಮಾತು, ಯಾಕೆಂದರೆ ಚೀಲ ಅದರ ಮೇಲೆ ನಿಂತಿದೆ. ಹಳಬರು ತೋನ್ಸೆ ಪಾರ್ ಅನ್ನುವ ಈ ದ್ವೀಪಗಳ ಸಾಲಿನಲ್ಲಿ ಪ್ರವಾಸಿಗರು ಇಳಿಯುವುದು ಕೋಕನಟ್ ಐಲ್ಯಾಂಡಿನಲ್ಲಿ. ಮಲ್ಪೆಯಿಂದ ಬೋಟಿನಲ್ಲಿ ಸುಮಾರು ಅರ್ಧ ಗಂಟೆ. ಕಂಬ ಕಂಬವಾಗಿ ನಿಂತಿರುವ ಕಲ್ಲುಗಳು ಸುಮಾರು 8.8 ಕೋಟಿ ವರ್ಷ ಹಿಂದೆ, ಭಾರತದ ನೆಲ ಮಡಗಾಸ್ಕರಿನಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ತಣಿದ ಲಾವಾ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾದ ಜಾಗ. ರಾತ್ರಿ ಉಳಿಯಲು ಬಿಡುವುದಿಲ್ಲ. ತೀರದ ಬಹುಪಾಲು ಹೊಯ್ಗೆಯಲ್ಲ, ಒಡೆದ ಚಿಪ್ಪು ಮತ್ತು ಕಲ್ಲು.

ಹಾಗಾಗಿ ಒಬ್ಬರಿಗೆ ಒಂದು ಸಣ್ಣ ಬೆನ್ನುಚೀಲ ಸಾಕು. ಎರಡೂ ಕೈ ಖಾಲಿ ಇರಲೇಬೇಕು, ಬೋಟ್ ಹತ್ತಿ ಇಳಿಯುವಾಗ ಹಿಡಿದುಕೊಳ್ಳಲು ಬೇಕು. ಒಳಗೆ ಒಂದು ಲೀಟರಿನ ಸ್ಟೀಲ್ ಬಾಟಲಿ, ಬಿಸಿಲು ಜೋರಿರುವ ಮಾರ್ಚ್–ಮೇ ತಿಂಗಳಲ್ಲಾದರೆ ಒಂದೂವರೆ ಲೀಟರ್. ಒಂದು ಬೈರಾಸ್. ಬದಲಿಗೆ ಒಂದು ಜೊತೆ ಬಟ್ಟೆ, ಒಳಉಡುಪು ಸಹಿತ. ಚಂಡಿ ಬಟ್ಟೆ ಹಾಕಲು ನೀರು ಸೋರದ ಚೀಲ. ಟೊಪ್ಪಿ, ಕ್ರೀಮ್, ಎರಡು ಬ್ಯಾಂಡ್‌ಏಡ್. ತಿನ್ನಲು ಒಣ ಏನಾದರೂ. ಇಷ್ಟೇ.

ಪ್ಲಾಸ್ಟಿಕ್ ತೊಟ್ಟೆ, ಚಿಪ್ಸ್ ಪ್ಯಾಕೆಟ್, ಬಿಸಾಡುವ ನೀರಿನ ಬಾಟಲಿ ಒಯ್ಯಬೇಡಿ. ಚೀಲ ತಪಾಸಣೆ ಮಾಡಿ ತೆಗೆಸಿದರೆ ಬೋಟಿನ ಸರದಿಯಲ್ಲಿ ಹಿಂದೆ ಬೀಳುತ್ತೀರಿ. ಮದ್ಯಕ್ಕೂ ಅವಕಾಶವಿಲ್ಲ. ಚಂಡಿ ಬಟ್ಟೆಗೆ ತೊಟ್ಟೆ ಬೇಡವಾದರೆ ಮತ್ತೇನು ಅಂತ ಕೇಳುವವರಿಗೆ: ಬಾಯಿ ಸುತ್ತಿ ಮುಚ್ಚುವ 10 ಲೀಟರಿನ ಡ್ರೈಬ್ಯಾಗ್ ಒಂದು ಕೊಂಡುಕೊಳ್ಳಿ. ಹೋಗುವಾಗ ಒಣ ಬಟ್ಟೆಗೆ, ಬರುವಾಗ ಚಂಡಿ ಬಟ್ಟೆಗೆ ಅದೇ ಆಗುತ್ತದೆ. ಬಾಯಿಯನ್ನು ಕನಿಷ್ಠ ಮೂರು ಸುತ್ತು ಸುತ್ತಿ ಕೊಕ್ಕೆ ಹಾಕಬೇಕು. ಎರಡೇ ಸುತ್ತು ಹಾಕಿದವರ ಚೀಲದಲ್ಲಿ ನೀರು ಹೋಗುವುದು ಮಾಮೂಲಿ, ಆಮೇಲೆ ಚೀಲವೇ ಸರಿ ಇಲ್ಲ ಅನ್ನುತ್ತಾರೆ.

ಹವಾಯಿ ಚಪ್ಪಲಿ ಸಾಕಲ್ಲ?

ಮಲ್ಪೆ ಬೀಚಿಗೆ ಸಾಕು, ದ್ವೀಪಕ್ಕೆ ಸಾಲದು. ಚಂಡಿ ಹೊಯ್ಗೆ ಚಪ್ಪಲಿಯನ್ನು ಕೆಳಗಿನಿಂದ ಹೀರಿ ಹಿಡಿಯುತ್ತದೆ, ನೀವು ಕಾಲೆತ್ತುತ್ತೀರಿ, ಬೆರಳ ನಡುವಿನ ಬಾರು ತೂತಿನಿಂದ ಕಿತ್ತು ಬರುತ್ತದೆ. ಪಾಚಿ ಹಿಡಿದ ಕಲ್ಲಿನ ಮೇಲೆ ಸವೆದ ಹವಾಯಿ ಸಾಬೂನಿನಂತೆ ಜಾರುತ್ತದೆ. ಹಿಮ್ಮಡಿಗೆ ಪಟ್ಟಿ ಇರುವ, ಕೆಳಗೆ ಗೀರು ಆಳವಿರುವ ರಬ್ಬರ್ ಸ್ಯಾಂಡಲ್ ಬೇಕು. ನೀರಿನಲ್ಲಿ ತೇಲುವ ಹಗುರ ಫೋಮ್ ಚಪ್ಪಲಿಗಳು ಪಟ್ಟಿ ಇಲ್ಲದಿದ್ದರೆ ಒಂದೇ ತೆರೆಗೆ ಹೋದವು. ಚರ್ಮದ ಚಪ್ಪಲಿ ಉಪ್ಪುನೀರು ತಾಗಿ ಒಣಗಿದರೆ ಬಿರಿಯುತ್ತದೆ, ಮನೆಯಲ್ಲಿಡಿ. ಬರಿಗಾಲಂತೂ ಬೇಡವೇ ಬೇಡ: ಕಲ್ಲಿಗೆ ಅಂಟಿದ ಸಿಂಪಿಗಳ ಅಂಚು ಬ್ಲೇಡಿನಷ್ಟೇ ಹರಿತ.

ಲಕ್ಷದ್ವೀಪ, ಅಂಡಮಾನಿಗೆ ಇದರ ಜೊತೆ ಮೊಣಕಾಲು ನೀರಿನಲ್ಲಿ ನಡೆಯಲು ದಪ್ಪ ತಳದ ರೀಫ್ ಶೂ ಒಳ್ಳೆಯದು. ಮುಳ್ಳುಂಡೆಯಂತಿರುವ ಸೀ ಅರ್ಚಿನ್ ತುಳಿದರೆ ಮುಳ್ಳು ಮುರಿದು ಒಳಗೇ ಉಳಿಯುತ್ತದೆ. ಆದರೆ ಶೂ ಇದೆ ಅಂತ ಜೀವಂತ ಹವಳದ ಮೇಲೆ ನಿಲ್ಲಬೇಡಿ. ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಬೆಳೆಯುವ ಜೀವ ಅದು. ಹೊಯ್ಗೆ ಇರುವಲ್ಲಿ ಮಾತ್ರ ಕಾಲೂರಿ.

ನಾಲ್ಕು ರಾತ್ರಿಗೆ ಎಷ್ಟು ಬಟ್ಟೆ?

ಎಂಟು ಜೊತೆ ತುಂಬಿಸಿಕೊಂಡು ಹೋಗುವವರೇ ಜಾಸ್ತಿ, ಅದರಲ್ಲಿ ನಾಲ್ಕು ಮಡಚಿದ ಹಾಗೆಯೇ ಮರಳಿ ಬರುತ್ತವೆ. ನೀರಿಗಿಳಿಯುವ ಜೊತೆ ಎರಡು (ಒಂದು ಮೈಮೇಲೆ, ಒಂದು ಹಗ್ಗದ ಮೇಲೆ). ತೆಳು ಅಂಗಿ ಅಥವಾ ಟಾಪ್ ಮೂರು, ಅದರಲ್ಲಿ ಒಂದಕ್ಕೆ ತುಂಬು ತೋಳಿರಲಿ, ಬಿಸಿಲಿಗೂ ಸಂಜೆಯ ಸೊಳ್ಳೆಗೂ ಆಗುತ್ತದೆ. ಬರ್ಮುಡಾ ಅಥವಾ ಪಲಾಝೊ ಎರಡು, ಉದ್ದ ಪ್ಯಾಂಟ್ ಅಥವಾ ಚೂಡಿದಾರ್ ಒಂದು. ಒಳಉಡುಪು ಮಾತ್ರ ರಾತ್ರಿಗೊಂದರಂತೆ ಎಣಿಸಿ ಮೇಲೆ ಎರಡು ಹೆಚ್ಚು: ಚಂಡಿ ಒಳಉಡುಪಿನಲ್ಲಿ ಕೂತರೆ ತೊಡೆಸಂದಿಯಲ್ಲಿ ಹುಳುಕಡ್ಡಿ ಏಳುವುದಕ್ಕೆ ದಾರಿಯಾಗುತ್ತದೆ. ಒಂದು ಲುಂಗಿ ಖಂಡಿತ ಒಯ್ಯಿರಿ. ಹೊದಿಕೆ, ಬಟ್ಟೆ ಬದಲಿಸುವಾಗ ಮರೆ, ಹೊಯ್ಗೆಯ ಮೇಲೆ ಹಾಸು, ಹಡಗಿನಲ್ಲಿ ತಲೆದಿಂಬು, ಎಲ್ಲ ಅದೇ. ಹೊರದೇಶದವರು ಸರೋಂಗ್ ಅಂತ ದುಡ್ಡು ಕೊಟ್ಟು ಕೊಳ್ಳುವುದು ಇದನ್ನೇ. ನಾಲ್ಕು ಮೀಟರ್ ನೈಲಾನ್ ಹಗ್ಗ, ಆರು ಕ್ಲಿಪ್ಪು ಮರೆಯಬೇಡಿ.

ಹೆಂಗಸರು ನೀರಿಗೆ ಏನು ಹಾಕಿಕೊಳ್ಳುವುದು? ಲಕ್ಷದ್ವೀಪದಲ್ಲಿ ಕಟ್ಟುಪಾಡು ಇದೆಯೆ?

ಮಲ್ಪೆಯಲ್ಲಿ ಸೀರೆ, ಚೂಡಿದಾರ್‌ನಲ್ಲೇ ನೀರಿಗಿಳಿಯುವುದು ದಿನಾ ಕಾಣುವ ನೋಟ. ದಂಡೆಯಲ್ಲಿ ಕಾಲು ಒದ್ದೆ ಮಾಡಲು ತೊಂದರೆಯಿಲ್ಲ. ಸೊಂಟದವರೆಗೆ ಹೋಗುವುದಾದರೆ ಸೀರೆ, ದುಪಟ್ಟ, ಘೇರಿನ ಕುರ್ತಾ ಮೂರೂ ಕಾಲಿಗೆ ಸುತ್ತಿಕೊಳ್ಳುತ್ತವೆ. ನೈಲಾನ್ ಲೆಗಿನ್ಸ್, ಮೇಲೆ ಸೊಂಟಕ್ಕೆ ನಿಲ್ಲುವ ಗಾಢ ಬಣ್ಣದ ರ‍್ಯಾಶ್‌ಗಾರ್ಡ್ ಅಥವಾ ಕ್ರೀಡಾ ಟಿ-ಶರ್ಟ್ ಹಾಕಿದರೆ ಮರ್ಯಾದೆಗೂ ಈಜಿಗೂ ಅನುಕೂಲ. ತಿಳಿ ಬಣ್ಣ ಚಂಡಿಯಾದರೆ ಪಾರದರ್ಶಕ.

ಲಕ್ಷದ್ವೀಪದ ಜನ ಬಹುತೇಕ ಮುಸ್ಲಿಮರು, ಊರೊಳಗಿನ ಬದುಕು ಸಂಪ್ರದಾಯಸ್ಥ. ಪ್ರವಾಸಿಗರಿಗಾಗಿಯೇ ಇರುವ ತೀರಗಳಲ್ಲಿ ಈಜುಡುಗೆಗೆ ಅಡ್ಡಿಯಿಲ್ಲ, ಹಳ್ಳಿಯ ದಾರಿಗೆ ಬಂದಾಗ ಭುಜ, ಮೊಣಕಾಲು ಮುಚ್ಚಿರಲಿ, ಗಂಡಸರಿಗೂ ಇದೇ ಮಾತು. ಬಂಗಾರಂ ದ್ವೀಪ ಬಿಟ್ಟರೆ ಅಲ್ಲಿ ಪಾನನಿಷೇಧ, ಚೀಲದಲ್ಲಿ ಬಾಟಲಿ ಇಡುವ ಯೋಚನೆ ಬಿಡಿ. ಒಂದು ಬದಿಮಾತು: ಅಮಿನಿ, ಕಡಮತ್, ಕಿಲ್ತಾನ್ ಸೇರಿದ ಅಮಿನಿದಿವಿ ಗುಂಪು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಮಂಗಳೂರಿನ ಹಳೆ ಬಂದರಿನಿಂದ ಅಕ್ಕಿ, ತರಕಾರಿ, ಜಲ್ಲಿ ತುಂಬಿದ ಮಂಜಿಗಳು (ಸರಕಿನ ದೊಡ್ಡ ದೋಣಿಗಳು) ಅತ್ತ ಹೋಗುವುದು ಹಳೆಯ ಸಂಬಂಧದ ಮುಂದುವರಿಕೆ.

ಅದೇ ದಿನ ಕೃಷ್ಣ ಮಠಕ್ಕೂ ಹೋಗುವುದಿದೆ. ಬಟ್ಟೆ ಹೇಗೆ ಹೊಂದಿಸುವುದು?

ಬೆಳಿಗ್ಗೆ ಮಠ, ಆಮೇಲೆ ಮಲ್ಪೆ. ತಿರುಗಾಮುರುಗಾ ಮಾಡಿದರೆ ಉಪ್ಪು ಮೈಯಲ್ಲಿ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ದರ್ಶನಕ್ಕೆ ಗಂಡಸರು ಅಂಗಿ, ಬನಿಯನ್ ತೆಗೆಯಬೇಕು, ಹಾಗಾಗಿ ಗುಂಡಿಯ ಅಂಗಿ ಸಲೀಸು. ಮುಂಡು ಅಥವಾ ಉದ್ದ ಪ್ಯಾಂಟ್ ಮಠಕ್ಕೆ, ಬರ್ಮುಡಾ ಚೀಲದಲ್ಲಿ. ವಡಭಾಂಡೇಶ್ವರದ ಬಲರಾಮ ದೇವಸ್ಥಾನ ಮಲ್ಪೆಯಲ್ಲೇ ಇದೆ, ಅಲ್ಲಿಗೂ ನೀರಿಗಿಳಿಯುವ ಮೊದಲೇ ಹೋಗಿ.

ಸನ್‌ಸ್ಕ್ರೀನ್ ಎಷ್ಟು ಬೇಕು? ನಾವು ಕಪ್ಪಗಿದ್ದೇವೆ, ಬೇಕೇ ಬೇಕೆ?

ಕಪ್ಪು ಚರ್ಮ ಬೇಗ ಸುಡುವುದಿಲ್ಲ, ಆದರೆ ಸುಡುತ್ತದೆ. ದೋಣಿಯ ಗಾಳಿಗೆ ಬಿಸಿ ತಿಳಿಯುವುದೇ ಇಲ್ಲ, ಅದೇ ಮೋಸ. ಮೇಲಿನಿಂದ ಬರುವುದಲ್ಲದೆ ಒಣ ಹೊಯ್ಗೆ ಸುಮಾರು ಶೇ. 15, ನೊರೆ ತೆರೆ ಸುಮಾರು ಶೇ. 25 ಅತಿನೇರಳೆ ಕಿರಣವನ್ನು ಕೆಳಗಿನಿಂದ ಹಿಂದಕ್ಕೆಸೆಯುತ್ತವೆ. ಟೊಪ್ಪಿ ಹಾಕಿದ್ದರೂ ಗಲ್ಲದ ಕೆಳಗೆ, ಮೂಗಿನ ಹೊಳ್ಳೆಯ ಬಳಿ ಸುಡುವುದು ಹಾಗೆ.

ಪ್ರಮಾಣದಲ್ಲೇ ಎಲ್ಲರೂ ತಪ್ಪುವುದು. ಮುಖ ಮತ್ತು ಕುತ್ತಿಗೆಗೆ ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎಳೆದ ಎರಡು ಗೆರೆ. ವಯಸ್ಕರ ಇಡೀ ಮೈಗೆ ಒಂದು ಸಲಕ್ಕೆ ಸುಮಾರು 30 ಮಿಲಿ. ಅಂದರೆ 50 ಮಿಲಿ ಟ್ಯೂಬ್ ಎರಡು ಸಲಕ್ಕೂ ಬರುವುದಿಲ್ಲ. ಇಡೀ ಸಂಸಾರಕ್ಕೆ ಒಂದು ಟ್ಯೂಬ್ ಒಯ್ದು ನಾಲ್ಕು ದಿನ ಉಳಿಸಿ ತಂದೆವು ಅಂದರೆ ಹಚ್ಚಿಯೇ ಇಲ್ಲ ಅಂತ ಅರ್ಥ. ಮೈ ಮುಚ್ಚುವ ಬಟ್ಟೆ ಹಾಕಿ, ಮುಖ, ಕಿವಿ, ಕುತ್ತಿಗೆ, ಕೈ, ಪಾದದ ಮೇಲ್ಭಾಗಕ್ಕೆ ಮಾತ್ರ ಹಚ್ಚುವುದಾದರೆ ಒಬ್ಬರಿಗೆ ನಾಲ್ಕು ದಿನಕ್ಕೆ 100 ಮಿಲಿ ಹಿಡಿಯಿರಿ.

ಎಸ್‌ಪಿಎಫ್ 30 ಸಾಕು, 50 ಆದರೆ ಸ್ವಲ್ಪ ಹೆಚ್ಚು: ಮೊದಲನೆಯದು ಸುಮಾರು ಶೇ. 97, ಎರಡನೆಯದು ಸುಮಾರು ಶೇ. 98 ತಡೆಯುತ್ತದೆ. ದೊಡ್ಡ ಸಂಖ್ಯೆಗಿಂತ ಎರಡು ಗಂಟೆಗೊಮ್ಮೆ, ನೀರಿನಿಂದ ಮೇಲೆ ಬಂದು ಒರೆಸಿಕೊಂಡ ಕೂಡಲೇ ಮತ್ತೆ ಹಚ್ಚುವುದು ಮುಖ್ಯ. ಹೊರಡುವ 15–20 ನಿಮಿಷ ಮೊದಲು ಮೊದಲ ಸಲ ಹಚ್ಚಿ. ಹವಳದ ನೀರಿಗೆ, ಹವಳಕ್ಕೆ ಕೇಡು ಅನ್ನಲಾಗುವ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇಲ್ಲದ ಝಿಂಕ್ ಆಕ್ಸೈಡ್ ಕ್ರೀಮ್ ಆರಿಸಿ. ಹವಾಯಿ ರಾಜ್ಯ 2021ರಿಂದ ಆ ಎರಡಿರುವ ಕ್ರೀಮಿನ ಮಾರಾಟವನ್ನೇ ನಿಲ್ಲಿಸಿದೆ. ಝಿಂಕ್ ಹಚ್ಚಿದರೆ ಮುಖ ಬೂದಿ ಬಳಿದಂತೆ ಕಾಣುತ್ತದೆ, ಫೋಟೊ ಮೊದಲೇ ತೆಗೆಸಿಕೊಳ್ಳಿ. ತೆಂಗಿನೆಣ್ಣೆ ಬಿಸಿಲು ತಡೆಯುತ್ತದೆ ಅನ್ನುವುದು ಸುಳ್ಳು. ಅದು ತೊಡೆ, ಕಂಕುಳು ಉಜ್ಜದಂತೆ ಹಚ್ಚಲು ಮಾತ್ರ ಒಳ್ಳೆಯದು. ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಬಿಸಿಲು ಬೇಗ ತಾಗುತ್ತದೆ, ಡಾಕ್ಟರನ್ನು ಕೇಳಿ ಹೊರಡಿ.

ಟೊಪ್ಪಿ ಯಾವುದು?

ಕ್ರಿಕೆಟ್ ಟೊಪ್ಪಿ ಕಿವಿ, ಕುತ್ತಿಗೆಯನ್ನು ಮುಚ್ಚುವುದಿಲ್ಲ. ಸುತ್ತಲೂ ಮೂರು ಇಂಚು ಅಂಚು, ಗಲ್ಲಕ್ಕೆ ದಾರ ಇರುವ ಬಟ್ಟೆಯ ಟೊಪ್ಪಿ ಬೇಕು. ನಮ್ಮ ಅಡಿಕೆ ಹಾಳೆಯ ಮುಟ್ಟಾಳೆ ಗದ್ದೆಗೆ ಹೇಳಿ ಮಾಡಿಸಿದ್ದು, ಬೋಟಿನ ಗಾಳಿಗೆ ದಾರವಿಲ್ಲದೆ ನಿಲ್ಲದು. ಕೊಡೆಯೂ ಅಷ್ಟೆ, ದ್ವೀಪದ ಗಾಳಿಗೆ ಕಡ್ಡಿ ಮಡಚಿಕೊಳ್ಳುತ್ತದೆ.

ಮೊಬೈಲ್, ಕೀಲಿಕೈ, ಬಂಗಾರ?

ಮೊಬೈಲನ್ನು ಕುತ್ತಿಗೆಗೆ ಹಾಕುವ ನೀರು ಸೋರದ ಕವರಿನಲ್ಲಿಡಿ. ಇಡುವ ಮೊದಲು ಕವರಿನೊಳಗೆ ಟಿಶ್ಯೂ ಹಾಕಿ ಮುಚ್ಚಿ, ಬಕೆಟ್ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿ ನೋಡಿ. ಟಿಶ್ಯೂ ಒಣಗಿದ್ದರೆ ಮಾತ್ರ ನಂಬಿ. ಮೊಬೈಲಿಗೆ ನೀರು ತಡೆಯುವ ಗುರುತು ಇದೆ ಅಂದರೆ ಅದು ಸಿಹಿನೀರಿನ ಪರೀಕ್ಷೆ, ಉಪ್ಪುನೀರು ಚಾರ್ಜಿಂಗ್ ತೂತಿನ ಲೋಹವನ್ನು ತಿನ್ನುತ್ತದೆ. ಚಂಡಿಯಾದ ತೂತಿಗೆ ಚಾರ್ಜರ್ ಸಿಕ್ಕಿಸಬೇಡಿ. ರಿಮೋಟ್ ಇರುವ ಕಾರಿನ ಕೀಲಿಕೈಯನ್ನೂ ಡ್ರೈಬ್ಯಾಗಿಗೇ ಹಾಕಿ.

ಬಂಗಾರದ ವಿಷಯದಲ್ಲಿ ದಾಕ್ಷಿಣ್ಯ ಬೇಡ. ನೀರಿನಲ್ಲಿ ಬೆರಳು ತಣ್ಣಗಾಗಿ ಸಪೂರವಾಗುತ್ತದೆ, ಕ್ರೀಮಿನ ಜಿಡ್ಡೂ ಇರುತ್ತದೆ, ಉಂಗುರ ಜಾರುವುದು ಗೊತ್ತೇ ಆಗುವುದಿಲ್ಲ. ಕರಿಮಣಿ ತೆಗೆಯುವುದಿಲ್ಲ ಅನ್ನುವವರು ಉದ್ದ ಸರವನ್ನು ಮನೆಯಲ್ಲಿಟ್ಟು, ಗಿಡ್ಡ ಸರವನ್ನು ರ‍್ಯಾಶ್‌ಗಾರ್ಡಿನ ಒಳಗೆ ಹಾಕಿಕೊಳ್ಳಿ.

ಬೋಟಿನಲ್ಲಿ ವಾಂತಿ ಬರುವವರು ಏನು ಮಾಡಬೇಕು?

ಕಾಯಿಲೆ ಶುರುವಾದ ಮೇಲೆ ಮಾತ್ರೆ ನುಂಗಿದರೆ ಅದೂ ವಾಂತಿಯಲ್ಲೇ ಹೋಗುತ್ತದೆ. ಅವೋಮಿನ್‌ನಂಥ ಮಾತ್ರೆಯನ್ನು ಹೊರಡುವ ಒಂದೆರಡು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ 14ರಿಂದ 18 ಗಂಟೆಯ ಹಡಗಾದರೆ ಹಿಂದಿನ ರಾತ್ರಿಯಿಂದಲೇ ಶುರು ಮಾಡುವುದುಂಟು. ನಿದ್ದೆ ಬರಿಸುವ ಮದ್ದು, ಇಳಿದು ಕಾರು ಬಿಡುವವರಿಗೆ ಬೇಡ. ಮಕ್ಕಳಿಗೆ, ಬಸುರಿಯರಿಗೆ ಡಾಕ್ಟರನ್ನು ಕೇಳದೆ ಕೊಡಬೇಡಿ. ಖಾಲಿ ಹೊಟ್ಟೆಯೂ ಗೋಳಿಬಜೆ ತುಂಬಿದ ಹೊಟ್ಟೆಯೂ ಎರಡೂ ತಪ್ಪು, ಎರಡು ಇಡ್ಲಿ ಸರಿ. ಬೋಟಿನ ನಡುಭಾಗದಲ್ಲಿ ಕೂತು ದಿಗಂತ ನೋಡಿ, ಮೊಬೈಲ್ ನೋಡಬೇಡಿ.

ಮದ್ದಿನ ಪೆಟ್ಟಿಗೆಯಲ್ಲಿ ಏನಿರಬೇಕು?

ದಿನಾ ತೆಗೆದುಕೊಳ್ಳುವ ಮಾತ್ರೆ ಎರಡು ದಿನಕ್ಕೆ ಹೆಚ್ಚೇ ಇರಲಿ. ಹವೆ ಕೆಟ್ಟು ಹಡಗು, ವಿಮಾನ ತಡವಾಗುವುದು ದ್ವೀಪಗಳಲ್ಲಿ ಹೊಸದಲ್ಲ. ಅದನ್ನು ಕೈಚೀಲದಲ್ಲೇ ಇಡಿ. ಓಆರ್‌ಎಸ್ ನಾಲ್ಕು ಪೊಟ್ಟಣ (ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಒಂದು ಗ್ಲಾಸಿಗೆ ಹಾಕಬೇಡಿ), ಪ್ಯಾರಾಸಿಟಮಾಲ್, ಪೊವಿಡೋನ್ ಅಯೋಡಿನ್ ಮುಲಾಮು, ಗಾಝ್, ಅಂಟುಪಟ್ಟಿ, ಚಿಮಟ, ಸೊಳ್ಳೆ ಕ್ರೀಮ್.

ಹವಳ ತಾಗಿದ ಗಾಯ ಸಣ್ಣದು ಅಂತ ಬಿಡಬೇಡಿ. ಹವಳದ ಚೂರು ಒಳಗುಳಿದು ಕೀವಾಗುತ್ತದೆ. ಶುದ್ಧ ನೀರು, ಸಾಬೂನಿನಿಂದ ಚೆನ್ನಾಗಿ ತೊಳೆದು, ಚೂರು ತೆಗೆದು, ಆಮೇಲೆ ಮುಲಾಮು. ಧನುರ್ವಾತದ ಇಂಜೆಕ್ಷನ್ ಹಾಕಿಸಿ ಎಷ್ಟು ವರ್ಷ ಆಯಿತು ಅಂತ ಹೊರಡುವ ಮೊದಲೇ ನೋಡಿಕೊಳ್ಳಿ. ಜೆಲ್ಲಿಫಿಶ್ ತಾಗಿದರೆ ಕಡಲ ನೀರಿನಿಂದಲೇ ತೊಳೆಯಿರಿ. ಸಿಹಿನೀರು ಹೊಯ್ದರೆ, ಹೊಯ್ಗೆಯಿಂದ ತಿಕ್ಕಿದರೆ ಸಿಡಿಯದೆ ಉಳಿದ ಮುಳ್ಳುಕೋಶಗಳೂ ಸಿಡಿಯುತ್ತವೆ. ಎಳೆಗಳನ್ನು ಚಿಮಟದಿಂದ ಎತ್ತಿ ತೆಗೆಯಿರಿ. ಉಸಿರಾಟಕ್ಕೆ ಕಷ್ಟವಾದರೆ, ಮುಖ ಊದಿದರೆ ತಡಮಾಡದೆ ಆಸ್ಪತ್ರೆಗೆ.

ಮುಟ್ಟಿನ ದಿನ ಬಂದರೆ?

ಪ್ಯಾಡ್ ಕಡಲ ನೀರನ್ನೇ ಹೀರಿ ಉಬ್ಬುತ್ತದೆ, ನೀರಿಗಿಳಿಯಲು ಆಗದು. ಕಪ್ ಅಥವಾ ಟ್ಯಾಂಪನ್ ಬೇಕು. ಕಪ್ ಮೊದಲ ಸಲ ಬಳಸುವವರು ಹೊರಡುವ ಹಿಂದಿನ ತಿಂಗಳೇ ಮನೆಯಲ್ಲಿ ಅಭ್ಯಾಸ ಮಾಡಿಕೊಳ್ಳಿ. ಬಳಸಿದ ಪ್ಯಾಡನ್ನು ದ್ವೀಪದಲ್ಲಿ ಬಿಡದೆ ಕಾಗದದಲ್ಲಿ ಸುತ್ತಿ ಮರಳಿ ತನ್ನಿ.

ಮಕ್ಕಳಿಗೆ ಪ್ರತ್ಯೇಕವಾಗಿ ಏನು?

ಎದ್ದು ಕಾಣುವ ಬಣ್ಣ: ಕಿತ್ತಳೆ, ಗುಲಾಬಿ. ನೀಲಿ, ಬಿಳಿ ಈಜುಡುಗೆ ನೀರಿನಲ್ಲಿ ಕಾಣುವುದೇ ಇಲ್ಲ. ಆರು ತಿಂಗಳೊಳಗಿನ ಕೂಸಿಗೆ ಕ್ರೀಮ್ ಬೇಡ, ನೆರಳು ಮತ್ತು ಬಟ್ಟೆ. ಸೇಂಟ್ ಮೇರೀಸ್‌ನಲ್ಲಿ ತಳ್ಳುಗಾಡಿ ನಡೆಯದು, ಎದೆಗೆ ಕಟ್ಟುವ ಚೀಲ ಒಯ್ಯಿರಿ. ಬೋಟಿನಲ್ಲಿ ಕೊಡುವ ಲೈಫ್ ಜಾಕೆಟ್ ಮಕ್ಕಳ ಅಳತೆಗೆ ದೊಡ್ಡದಾದರೆ ನೀರಿನಲ್ಲಿ ತಲೆಯ ಮೇಲಿಂದ ಕಳಚಿಕೊಳ್ಳುತ್ತದೆ. ಜಾಕೆಟ್ಟಿನ ಭುಜ ಹಿಡಿದು ಎತ್ತಿ ನೋಡಿ, ಕಿವಿಯವರೆಗೆ ಬಂದರೆ ಸಣ್ಣದು ಕೇಳಿ.

ಮನೆಯಿಂದ ತಿಂಡಿ ಒಯ್ಯಬಹುದೆ?

ಒಯ್ಯಬಹುದು, ಒಣಗಿದ್ದು. ಚಕ್ಕುಲಿ, ಒಗ್ಗರಣೆ ಅವಲಕ್ಕಿ, ಕೋರಿರೊಟ್ಟಿಯ ಒಣ ರೊಟ್ಟಿ ಡಬ್ಬಿಯಲ್ಲಿ ನಾಲ್ಕು ದಿನ ನಿಲ್ಲುತ್ತವೆ. ಬನ್ಸ್ ಮರುದಿನದವರೆಗೆ. ನೀರ್‌ದೋಸೆ, ತೆಂಗಿನ ಚಟ್ನಿ ಆ ಸೆಕೆಯಲ್ಲಿ ಮಧ್ಯಾಹ್ನಕ್ಕೇ ಹಳಸುತ್ತದೆ. ಸಸ್ಯಾಹಾರಿಗಳು ಸ್ವಲ್ಪ ಹೆಚ್ಚೇ ಒಯ್ಯಿರಿ, ದ್ವೀಪದಲ್ಲಿ ಊಟ ಅಂದರೆ ಮೀನು. ಸಾರಿನ ಪುಡಿ, ಕಷಾಯದ ಪುಡಿ ಕೈಬಿಡುವುದಿಲ್ಲ. ಪುನರ್ಪುಳಿ ಸಿರಪ್ ಒಯ್ಯುವವರು ಮುಚ್ಚಳಕ್ಕೆ ಟೇಪ್ ಸುತ್ತಿ. ಆ ಕಲೆ ಬಿಳಿ ಬಟ್ಟೆಯಿಂದ ಹೋಗದು.

ಕಾಗದಪತ್ರ, ದುಡ್ಡು, ವಿಮಾನದ ನಿಯಮ?

ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಬೇಕು, ಮುದ್ರಿಸಿದ ಎರಡು ಪ್ರತಿ, ಮೂಲ ಗುರುತಿನ ಚೀಟಿ ಬೇರೆ ಬೇರೆ ಚೀಲದಲ್ಲಿಡಿ. ಅಂಡಮಾನಿನ ಸಾಮಾನ್ಯ ಪ್ರವಾಸಿ ಜಾಗಗಳಿಗೆ ಭಾರತೀಯರಿಗೆ ಪರವಾನಗಿ ಬೇಡ. ಟಿಕೆಟ್ಟಿನಲ್ಲಿ ಪೋರ್ಟ್ ಬ್ಲೇರ್ ಬದಲು ಶ್ರೀ ವಿಜಯಪುರಂ ಅಂತಿದ್ದರೆ ಗಾಬರಿ ಬೇಡ, 2024ರಲ್ಲಿ ಹೆಸರು ಬದಲಾಗಿದೆ. ಹ್ಯಾವ್‌ಲಾಕ್ ಈಗ ಸ್ವರಾಜ್ ದ್ವೀಪ. ಎಟಿಎಂ, ನೆಟ್‌ವರ್ಕ್ ಎರಡನ್ನೂ ಪೂರ್ತಿ ನಂಬದೆ ನೂರು, ಇನ್ನೂರರ ನೋಟು ಇಟ್ಟುಕೊಳ್ಳಿ.

ಲಕ್ಷದ್ವೀಪದ ವಿಮಾನ ನಿಲ್ದಾಣವಿರುವ ಅಗತ್ತಿ ದ್ವೀಪಕ್ಕೆ ಹಾರುವುದು ಎಟಿಆರ್‌ನಂಥ ಸಣ್ಣ ವಿಮಾನ, ತಲೆಯ ಮೇಲಿನ ಕಪಾಟು ಗಿಡ್ಡ. ಗಟ್ಟಿ ಚಕ್ರದ ಪೆಟ್ಟಿಗೆಗಿಂತ ಮೆತ್ತನೆಯ ಚೀಲ ಒಳ್ಳೆಯದು. ಹೊಯ್ಗೆಯಲ್ಲಿ ಚಕ್ರ ಹೇಗೂ ಉರುಳುವುದಿಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ. ಸ್ಕೂಬಾ ಮಾಡುವ ಯೋಚನೆ ಇದ್ದರೆ ಅದನ್ನು ಕೊನೆಯ ದಿನಕ್ಕೆ ಇಡಬೇಡಿ, ಮುಳುಗಿದ ಮೇಲೆ ವಿಮಾನ ಹತ್ತಲು 18 ಗಂಟೆ ಬಿಡಬೇಕು.

ಅಂಡಮಾನಿಗೆ ಮಾತ್ರ ಬೇಕಾದದ್ದು ಏನಾದರೂ ಇದೆಯೆ?

ಟಾರ್ಚು ಮತ್ತು ತುಂಬು ತೋಳಿನ ಅಂಗಿ. ಗಡಿಯಾರ ನಮ್ಮದೇ, ಸೂರ್ಯ ನಮಗಿಂತ ಬಹಳ ಪೂರ್ವದಲ್ಲಿ. ಬೆಳಿಗ್ಗೆ ಐದಕ್ಕೇ ಬೆಳಕು, ಸಂಜೆ ಐದೂವರೆ ಹೊತ್ತಿಗೆ ಕತ್ತಲೆ. ಹತ್ತು ಗಂಟೆಗೆ ಎದ್ದು ಹೊರಡುವವರು ಅರ್ಧ ದಿನ ಕಳೆದುಕೊಂಡಿರುತ್ತಾರೆ. ಮುಸ್ಸಂಜೆ ಹೊಯ್ಗೆಯಲ್ಲಿ ಕೂತರೆ ಮರಳುನೊಣ ಕಚ್ಚುತ್ತದೆ, ತುರಿಕೆ ವಾರಗಟ್ಟಲೆ ಇರುತ್ತದೆ. ಕಾಲಿಗೆ ಸೊಳ್ಳೆ ಕ್ರೀಮ್ ಹಚ್ಚಿ, ಹಾಸು ಹಾಕಿ ಕೂರಿ.

ಚಿಪ್ಪು, ಹವಳದ ಚೂರು ನೆನಪಿಗೆ ತರಬಹುದೆ?

ಬೇಡ. ಹವಳ 1972ರ ವನ್ಯಜೀವಿ ಕಾಯ್ದೆಯಡಿ ರಕ್ಷಿತ, ಸತ್ತ ಚೂರೂ ಸೇರಿ. ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಕಾಣುತ್ತದೆ, ಪ್ರಕರಣವಾಗುತ್ತದೆ. ಸೇಂಟ್ ಮೇರೀಸ್‌ನಿಂದ ಕಲ್ಲು, ಚಿಪ್ಪು ಎತ್ತುವುದೂ ಅಷ್ಟೇ ತಪ್ಪು.

ಮಳೆಗಾಲದಲ್ಲಿ ಹೋದರೆ?

ಸೇಂಟ್ ಮೇರೀಸ್‌ಗೆ ಬೋಟೇ ಇರುವುದಿಲ್ಲ. ಮೀನುಗಾರಿಕೆಯ ಯಾಂತ್ರಿಕ ದೋಣಿಗಳೇ ಜೂನ್ 1ರಿಂದ ಜುಲೈ 31ರವರೆಗೆ ಕಡಲಿಗಿಳಿಯುವುದಿಲ್ಲ, ಪ್ರವಾಸಿ ಬೋಟು ಇನ್ನೂ ತಡವಾಗಿ ಶುರು. ಯಾರಾದರೂ ಖಾಸಗಿಯಾಗಿ ಕರೆದೊಯ್ಯುತ್ತೇನೆ ಅಂದರೆ ಹೋಗಬೇಡಿ.

ಮನೆಗೆ ಬಂದ ಮೇಲೆ?

ಚೀಲ ಅಂಗಳದಲ್ಲೇ ಕೊಡವಿ, ಹೊಯ್ಗೆ ವಾಷಿಂಗ್ ಮೆಷಿನ್‌ಗೆ ಹೋದರೆ ಪಂಪಿನ ಜಾಲರಿ ಕಟ್ಟುತ್ತದೆ. ಬಟ್ಟೆಯನ್ನು ಮೊದಲು ಸಾದಾ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಆ ನೀರು ಚೆಲ್ಲಿ, ಆಮೇಲೆ ಸಾಬೂನು. ರ‍್ಯಾಶ್‌ಗಾರ್ಡ್, ಈಜುಡುಗೆಗೆ ಬಿಸಿನೀರು, ಇಸ್ತ್ರಿ ಎರಡೂ ಬೇಡ, ಹಿಗ್ಗುವ ನೂಲು ಸಡಿಲವಾಗುತ್ತದೆ. ಝಿಪ್ಪಿಗೆ ಸಿಹಿನೀರು ಹೊಯ್ದು, ಒಣಗಿದ ಮೇಲೆ ಮೇಣದಬತ್ತಿ ಉಜ್ಜಿ. ಡ್ರೈಬ್ಯಾಗನ್ನು ಒಳಮಗ್ಗುಲು ಹೊರಗೆ ಮಾಡಿ ನೆರಳಿನಲ್ಲಿ ಒಣಗಿಸಿ, ಬಾಯಿ ತೆರೆದೇ ಕಪಾಟಿನಲ್ಲಿಡಿ. ಮುಚ್ಚಿಟ್ಟರೆ ಮುಂದಿನ ಸಲ ತೆಗೆಯುವಾಗ ಬೂಸ್ಟು ಹಿಡಿದಿರುತ್ತದೆ.